ಮ್ಯಾನುಫ್ಯಾಕ್ಚರ್ಡ್ ಹೋಮ್‌ನ ನೆಲಕ್ಕೆ ಯಾವ ಹಲಗೆ ಹಾಕಬೇಕು?

ಬಚ್ಚಲುಮನೆ ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ಒಂಚೂರು ತಗ್ಗುತ್ತದೆ. ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೊಂದು ದಿನ ನೆಲಕ್ಕೆ ಹಾಸಿದ ವಿನೈಲ್ ಹಾಳೆ ಎತ್ತಿ ನೋಡಿದರೆ ಕೆಳಗಿನ ಹಲಗೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಕೈಗೆ ಬರುತ್ತದೆ. ಅಮೆರಿಕದಲ್ಲಿ ಹಳೆಯ ಮ್ಯಾನುಫ್ಯಾಕ್ಚರ್ಡ್ ಹೋಮ್, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮನೆ, ಕೊಂಡವರಿಗೆ ಇದು ಮಾಮೂಲಿ ಕಥೆ. ಕಥೆಯ ಮುಂದಿನ ಭಾಗವೂ ಮಾಮೂಲಿ. ಅಂಗಡಿಗೆ ಹೋಗುತ್ತಾರೆ. ಅಲ್ಲಿ ಒಂದೇ ಅಳತೆಯ ನಾಲ್ಕೈದು ಬಗೆಯ ಹಲಗೆ ಸಾಲಾಗಿ ಪೇರಿಸಿಟ್ಟಿರುತ್ತಾರೆ, ಬೆಲೆ ಮಾತ್ರ ಬೇರೆ ಬೇರೆ. ಒಬ್ಬರು ಪ್ಲೈವುಡ್ ಬಿಟ್ಟು ಬೇರೇನೂ ಮುಟ್ಟಬೇಡಿ ಅನ್ನುತ್ತಾರೆ. ಇನ್ನೊಬ್ಬರು ಓಎಸ್‌ಬಿ (ಮರದ ಚಕ್ಕೆ ಒತ್ತಿ ಮಾಡಿದ ಹಲಗೆ) ಸಾಕು, ಸುಮ್ನೆ ದುಡ್ಡು ಯಾಕೆ ಸುರೀತೀರಿ ಅನ್ನುತ್ತಾರೆ. ಮೂರನೆಯವರು ದೋಣಿಗೆ ಹಾಕುವ ಪ್ಲೈವುಡ್ಡೇ ಬೇಕು ಅಂತ ಹೆದರಿಸುತ್ತಾರೆ.

ಮೂವರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಮನೆಯ ನೆಲ ಹೇಗಿದೆ ಅನ್ನುವುದು ಗೊತ್ತಾಗದೆ ಮೂರೂ ಸಲಹೆಗೆ ಅರ್ಥವಿಲ್ಲ.

ಮೊದಲು ಕೆಳಗೇನಿದೆ ನೋಡಿ

ಈ ಮನೆಗಳನ್ನು ಕಾರ್ಖಾನೆಯಲ್ಲಿ ಕಟ್ಟುವಾಗ ಮೊದಲು ತಯಾರಾಗುವುದೇ ನೆಲ. ಉಕ್ಕಿನ ಚಾಸಿಸ್ ಮೇಲೆ ಮರದ ಜಾಯಿಸ್ಟ್‌ಗಳು, ಅಂದರೆ ಅಡ್ಡ ತೊಲೆಗಳು. ಅವುಗಳ ಮೇಲೆ ಇಡೀ ಮನೆಯ ಅಗಲಕ್ಕೂ ಹಲಗೆ. ಗೋಡೆಗಳು ಬರುವುದು ಆಮೇಲೆ, ಆ ಹಲಗೆಯ ಮೇಲೆಯೇ. ಹಾಗಾಗಿ ಹಲಗೆಯ ಅಂಚು ಗೋಡೆಯ ಕೆಳಗೂ ಹೋಗಿರುತ್ತದೆ. ತೊಲೆಗಳ ನಡುವೆ ಗ್ಲಾಸ್‌ವೂಲ್ ಇನ್ಸುಲೇಶನ್, ನೀರಿನ ಪೈಪು, ಬಿಸಿಗಾಳಿಯ ಡಕ್ಟ್. ಎಲ್ಲದರ ಅಡಿಯಲ್ಲಿ ಬೆಲ್ಲಿ ಬೋರ್ಡ್ ಅನ್ನುವ ಕಪ್ಪು ಹೊದಿಕೆ.

ಈ ರಚನೆಯಲ್ಲೇ ಒಂದು ತೊಂದರೆ ಅಡಗಿದೆ. ಪೈಪು ಸೋರಿದರೆ ನೀರು ಕೆಳಗಿನ ಮಣ್ಣಿಗೆ ಇಳಿಯುವುದಿಲ್ಲ. ಬೆಲ್ಲಿ ಬೋರ್ಡ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ಸುಲೇಶನ್ ನೆನೆದು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ, ಆ ಪಸೆ ಹಲಗೆಗೆ ಕೆಳಗಿನಿಂದ ಏರುತ್ತದೆ. ಮೇಲಿನಿಂದ ಎಷ್ಟೇ ಚೆನ್ನಾಗಿ ಒರೆಸಿಟ್ಟುಕೊಂಡ ನೆಲವೂ ಹೀಗೆ ಕೊಳೆತು ಲಡ್ಡಾಗುತ್ತದೆ.

ಆದ್ದರಿಂದ ಹಲಗೆ ಕೊಳ್ಳುವ ಮುಂಚೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಕೂತುಕೊಳ್ಳಿ. ಕಮೋಡಿನ ಬುಡ, ಟಬ್ಬಿನ ಅಂಚು, ವಾಟರ್ ಹೀಟರ್ ಗೂಡು, ವಾಷಿಂಗ್ ಮೆಷಿನ್ ಹಿಂದೆ, ಹೊರಬಾಗಿಲ ಹೊಸ್ತಿಲು, ಕಿಟಕಿಯ ಕೆಳಗೆ: ಈ ಜಾಗಗಳಲ್ಲಿ ಚುಚ್ಚಿ ನೋಡಿ. ಗಟ್ಟಿ ಹಲಗೆಗೆ ಮೊನೆ ಅಷ್ಟೇನೂ ಇಳಿಯುವುದಿಲ್ಲ. ಲಡ್ಡು ಹಿಡಿದದ್ದಕ್ಕೆ ಸಲೀಸಾಗಿ ಇಳಿಯುತ್ತದೆ, ಎಳೆದಾಗ ಮೊನೆಗೆ ಕಂದು ಪುಡಿ ಅಂಟಿಕೊಂಡಿರುತ್ತದೆ. ಕಮೋಡಿನ ಸುತ್ತ ಹೀಗಾಗಿದ್ದರೆ ಹೆಚ್ಚಿನ ಸಲ ಅದರ ಕೆಳಗೆ ನೀರು ಸೋರದಂತೆ ಕೂರಿಸಿದ ಮೇಣದ ಉಂಗುರ ಹೋಗಿರುತ್ತದೆ. ಹೊಸ ಹಲಗೆ ಹಾಕಿ ಹಳೆಯ ಉಂಗುರವನ್ನೇ ಬಿಟ್ಟರೆ, ಯಾವ ಕಂಪನಿಯ ಹಲಗೆಯಾದರೂ ನಿಮ್ಮನ್ನು ಉಳಿಸುವುದಿಲ್ಲ.

ಒಂದು ಎಚ್ಚರಿಕೆ. 1980ಕ್ಕಿಂತ ಹಳೆಯ ಮನೆಯಾದರೆ ವಿನೈಲ್ ಅಥವಾ ಅದರ ಅಂಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಉಜ್ಜುವ, ಕೆರೆಯುವ, ಕಿತ್ತು ಹರಿಯುವ ಮುಂಚೆ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ.

ಯಾವುದನ್ನು ನೋಡಿ ಅಳೆಯಬೇಕು

ನನ್ನ ಪ್ರಕಾರ ಮೊದಲ ಪ್ರಶ್ನೆ ನೀರು. ಹಲಗೆ ನೆನೆದರೆ ಏನಾಗುತ್ತದೆ ಅನ್ನುವುದಕ್ಕಿಂತ ನೆನೆದು ಒಣಗಿದ ಮೇಲೆ ಏನಾಗುತ್ತದೆ ಅನ್ನುವುದನ್ನು ನೋಡಬೇಕು. ಎಲ್ಲ ಮರದ ಹಲಗೆಯೂ ನೀರು ಕುಡಿಯುತ್ತದೆ, ಊದುತ್ತದೆ. ಕೆಲವು ಒಣಗಿದಾಗ ಹೆಚ್ಚುಕಮ್ಮಿ ಮೊದಲಿನ ಹಾಗಾಗುತ್ತವೆ. ಕೆಲವು ಊದಿದ್ದು ಊದಿದ ಹಾಗೇ ಉಳಿಯುತ್ತವೆ.

ಎರಡನೆಯದು ತೊಲೆಗಳ ನಡುವಿನ ಅಂತರ. ಸಾಮಾನ್ಯವಾಗಿ 16 ಇಂಚು, ಕೆಲವು ಮನೆಗಳಲ್ಲಿ 24 ಇಂಚೂ ಇರುತ್ತದೆ. ಊಹೆ ಬೇಡ, ಒಂದು ತೊಲೆಯ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಟೇಪು ಹಿಡಿಯಿರಿ. ಈ ಮನೆಗಳಿಗೆ 1976ರ ಜೂನ್ 15ರಿಂದ ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆಯ (ಹಡ್) ನಿಯಮಾವಳಿ, ಹಡ್ ಕೋಡ್, ಅನ್ವಯಿಸುತ್ತದೆ. ನೆಲ ಒಂದು ಚದರಡಿಗೆ 40 ಪೌಂಡ್ ಭಾರ ತಡೆಯಬೇಕು ಅನ್ನುತ್ತದೆ ಅದು. ಜೊತೆಗೆ ಒಂದಿಂಚು ಅಗಲದ ಬಿಲ್ಲೆಯ ಮೇಲೆ 200 ಪೌಂಡ್ ಇಟ್ಟರೆ ಹಲಗೆ ಎಂಟನೇ ಒಂದಿಂಚಿಗಿಂತ ಜಾಸ್ತಿ ಬಾಗಬಾರದು. ಫ್ರಿಜ್ಜಿನ ಕಾಲು, ಮಂಚದ ಕಾಲು ನೆನೆಸಿಕೊಂಡರೆ ಈ ಎರಡನೇ ಲೆಕ್ಕ ಯಾಕೆ ಅಂತ ತಿಳಿಯುತ್ತದೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ, ವಾಟರ್ ಹೀಟರ್ ಗೂಡುಗಳ ನೆಲ ತೇವ ತಡೆಯುವಂತಿರಬೇಕು, ಇಲ್ಲವೇ ಸೀಲರ್ ಬಳಿದು ಹಾಗೆ ಮಾಡಿರಬೇಕು ಎಂದೂ ಕೋಡ್ ಹೇಳುತ್ತದೆ.

ಮೂರನೆಯದು ದಪ್ಪ. ಇಡೀ ಕೋಣೆ ಬದಲಿಸಿದರೆ ಇದು ಅಷ್ಟು ಕಾಡುವುದಿಲ್ಲ. ತೇಪೆ ಹಾಕುವವರಿಗೆ ಮಾತ್ರ ಇದೇ ದೊಡ್ಡ ತಲೆನೋವು. ಹಳೆಯ ಪಾರ್ಟಿಕಲ್ ಬೋರ್ಡ್ 5/8 ಇಂಚಿನದೋ 3/4 ಇಂಚಿನದೋ ಇರುತ್ತದೆ. ಇವತ್ತಿನ ಪ್ಲೈವುಡ್, ಓಎಸ್‌ಬಿ ಹಲಗೆಗಳ ನಿಜವಾದ ದಪ್ಪ 19/32 ಮತ್ತು 23/32. ಅಂದರೆ 5/8ರ ಜಾಗಕ್ಕೆ 19/32, 3/4ರ ಜಾಗಕ್ಕೆ 23/32 ಹಾಕಿದರೆ ಎರಡೂ ಕಡೆ 1/32 ಇಂಚಷ್ಟೇ ತಗ್ಗು. ತೊಲೆಯ ಮೇಲೆ ಟಾರು ಕಾಗದದ ಪಟ್ಟಿ ಹಾಸಿ ಅದನ್ನು ಸರಿಮಾಡಬಹುದು. ಆದರೆ 5/8ರ ಪಕ್ಕ 23/32 ಕೂತರೆ ಅಂಚು ಮೇಲೆದ್ದು, ತೆಳ್ಳನೆಯ ವಿನೈಲ್ ಕೆಳಗಿನಿಂದ ಗೆರೆಯಾಗಿ ಕಾಣುತ್ತದೆ, ಕಾಲಿಗೂ ತಾಗುತ್ತದೆ.

ತೂಕ, ವಾಸನೆ, ಬೆಲೆ ಆಮೇಲಿನ ಮಾತು. ಬೆಲೆಯನ್ನು ಕೊನೆಗೆ ಹೇಳಿದ್ದಕ್ಕೆ ಕಾರಣವಿದೆ. ನಾಲ್ಕು ಬೈ ಎಂಟರ ಒಂದು ಹಲಗೆ 32 ಚದರಡಿ ಮುಚ್ಚುತ್ತದೆ. 12 ಅಡಿಗೆ 12 ಅಡಿ ಕೋಣೆಗೆ ಐದು ಹಲಗೆ, ಕತ್ತರಿಸಿ ಹಾಳಾಗುವುದನ್ನು ಸೇರಿಸಿದರೆ ಆರು. ಬಚ್ಚಲಿಗೆ ಎರಡು ಸಾಕು. ಎರಡು ಹಲಗೆಯಲ್ಲಿ ಅಗ್ಗದ್ದು ಆರಿಸಿ ಉಳಿಸುವ ದುಡ್ಡು, ಕಮೋಡ್ ಬಿಚ್ಚಿ ಜೋಡಿಸುವ ಒಂದು ದಿನದ ದುಡಿಮೆಯ ಮುಂದೆ ಏನೂ ಅಲ್ಲ. ಮನೆ ಪೂರ್ತಿ ಬದಲಿಸುವವರಿಗೆ ಮಾತ್ರ ಹಲಗೆಯ ಬೆಲೆ ನಿಜವಾಗಿ ಲೆಕ್ಕಕ್ಕೆ ಬರುತ್ತದೆ.

ಪಾರ್ಟಿಕಲ್ ಬೋರ್ಡ್

ಮರದ ಪುಡಿ, ಚೂರುಗಳಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು. ಹಳೆಯ ಮನೆಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಅಗ್ಗ, ಸಮತಟ್ಟು, ಕಾರ್ಖಾನೆಯಲ್ಲಿ ಬೇಗ ಹಾಸಬಹುದು ಅನ್ನುವ ಕಾರಣಕ್ಕೆ ಹಾಕಿದರು. ಒಣಗಿದ್ದಷ್ಟು ಕಾಲ ಇದು ಕೆಟ್ಟದ್ದೇನಲ್ಲ. ಮಲಗುವ ಕೋಣೆಯಲ್ಲಿ ದಶಕಗಟ್ಟಲೆ ಗಟ್ಟಿಯಾಗಿ ನಿಂತಿರುವುದನ್ನು ನೋಡಬಹುದು. ಹಾಗಾಗಿ ಗಟ್ಟಿ ಇರುವ ಕಡೆ ಕಿತ್ತು ಹಾಕುವ ಹುಮ್ಮಸ್ಸು ಬೇಡ.

ನೀರು ಬಿದ್ದರೆ ಮಾತ್ರ ಇದರ ಕಥೆ ಮುಗಿದಂತೆ. ಊದುತ್ತದೆ, ಚೂರುಗಳ ಹಿಡಿತ ಸಡಿಲವಾಗುತ್ತದೆ, ಒಣಗಿದ ಮೇಲೂ ಬಲ ವಾಪಸ್ ಬರುವುದಿಲ್ಲ. ಸ್ಕ್ರೂ ಹಿಡಿಯುವುದಿಲ್ಲ. ತೂಕವೂ ಜಾಸ್ತಿ: 3/4 ಇಂಚಿನ ಒಂದು ಪೂರ್ತಿ ಹಲಗೆ 90 ಪೌಂಡ್ ದಾಟುತ್ತದೆ. ಇದರಲ್ಲಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ವಾಸನೆ, ಕಣ್ಣುರಿಯ ದೂರು ಹಿಂದೆ ಜೋರಾಗಿತ್ತು. 1980ರ ದಶಕದಲ್ಲಿ ಹಡ್ ಇಲಾಖೆ ಮಿತಿ ಹೇರಿತು. ಈಗ ಅಮೆರಿಕದಲ್ಲಿ ಮಾರುವ ಪಾರ್ಟಿಕಲ್ ಬೋರ್ಡ್ ಮೇಲೆ ಫಾರ್ಮಾಲ್ಡಿಹೈಡ್ ಮಿತಿಯೊಳಗಿದೆ ಎಂದು ಹೇಳುವ ಟಿಎಸ್‌ಸಿಎ ಟೈಟಲ್ 6 ಅನ್ನುವ ಗುರುತು ಇರಲೇಬೇಕು.

ಹೊಸದಾಗಿ ಹಾಕುವವರು ಇದನ್ನು ಆರಿಸಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಾರ್ಟಿಕಲ್ ಬೋರ್ಡ್ ಕಪಾಟು ಮಾಡುವಂಥದ್ದು, ಮನೆಯ ನೆಲಕ್ಕೆ ಹಾಕಿದ ಡೆಕ್ಕಿಂಗ್ ದರ್ಜೆಯದ್ದಲ್ಲ. ಎರಡೂ ಒಂದೇ ಥರ ಕಾಣುತ್ತವೆ ಅಂತ ಮೋಸಹೋಗಬೇಡಿ.

ಸಾಮಾನ್ಯ ಓಎಸ್‌ಬಿ

ಉದ್ದನೆಯ ಮರದ ಚಕ್ಕೆಗಳನ್ನು ದಿಕ್ಕು ನೋಡಿ ಪದರಪದರವಾಗಿ ಜೋಡಿಸಿ, ನೀರಿಗೆ ಬಿಡದ ಅಂಟು ಹಾಕಿ ಒತ್ತಿದ ಹಲಗೆ. ಬಲದಲ್ಲಿ ಪ್ಲೈವುಡ್‌ಗೆ ಸಮ. ಒಳಗೆ ಪೊಳ್ಳು ಇರುವುದಿಲ್ಲ. ಭಾರ ಹೊರುವ ಹಲಗೆಗಳಲ್ಲಿ ಸಾಮಾನ್ಯವಾಗಿ ಇದೇ ಅಗ್ಗ.

ಇದರ ದುರ್ಬಲ ಜಾಗ ಅಂಚು. ನಡುಭಾಗ ನೆನೆಯಲು ಹೊತ್ತು ಹಿಡಿಯುತ್ತದೆ, ಆದರೆ ಕತ್ತರಿಸಿದ ಅಂಚು ಬೇಗ ನೀರು ಎಳೆದುಕೊಂಡು ಊದುತ್ತದೆ. ಒಣಗಿದ ಮೇಲೂ ಆ ಊತ ಪೂರ್ತಿ ಇಳಿಯುವುದಿಲ್ಲ. ಎರಡು ಹಲಗೆ ಸೇರುವ ಕಡೆ ಉದ್ದಕ್ಕೂ ಏಣು ಏಳುತ್ತದೆ. ಉಜ್ಜಿ ತೆಗೆಯಬಹುದು, ಆದರೆ ಅದು ಬೇಡದ ಕೆಲಸ. ನೆನೆದರೆ ಒಣಗುವುದೂ ಪ್ಲೈವುಡ್‌ಗಿಂತ ನಿಧಾನ.

ಮಲಗುವ ಕೋಣೆ, ಹಜಾರ, ಓಡಾಡುವ ದಾರಿ, ಅಂದರೆ ಪೈಪಿಲ್ಲದ ಕಡೆ, ಇದು ಚೆನ್ನಾಗಿಯೇ ಬಾಳುತ್ತದೆ. ಬಚ್ಚಲಿಗೆ ಮಾತ್ರ ನಾನು ಹಾಕುವುದಿಲ್ಲ.

ಸುಧಾರಿತ ಓಎಸ್‌ಬಿ

ಅಡ್ವಾನ್‌ಟೆಕ್ ಹೆಸರು ಕೇಳಿರುತ್ತೀರಿ. ಇದೇ ಬಗೆಯ ಹಲಗೆ ಬೇರೆ ಕಂಪನಿಗಳೂ ಮಾಡುತ್ತವೆ. ನೋಡಲು ಓಎಸ್‌ಬಿ ಥರವೇ, ಆದರೆ ಅಂಟು ಹೆಚ್ಚು, ಸಾಂದ್ರತೆ ಹೆಚ್ಚು, ಅಂಚಿನ ಊತ ಬಹಳ ಕಡಿಮೆ. ಕಟ್ಟುವ ಹೊತ್ತಿನಲ್ಲಿ ಮಳೆಗೆ ನೆನೆದರೂ 500 ದಿನ ಅಂಚು ಉಜ್ಜುವ ಕೆಲಸ ಬರುವುದಿಲ್ಲ ಅಂತ ಅಡ್ವಾನ್‌ಟೆಕ್‌ಗೆ ಖಾತ್ರಿ ಕೊಡುತ್ತಾರೆ. ಆದರೆ ಆ ಖಾತ್ರಿ ಕಟ್ಟುವಾಗಿನ ಮಳೆಗೆ. ಕಮೋಡಿನ ಕೆಳಗೆ ವರ್ಷಗಟ್ಟಲೆ ಹನಿಯುವ ನೀರಿಗೂ ಅದು ಅನ್ವಯಿಸುತ್ತದೆ ಅಂತ ಓದಿಕೊಳ್ಳಬೇಡಿ.

ಸ್ಕ್ರೂ ಗಟ್ಟಿ ಹಿಡಿಯುತ್ತದೆ, ಹೆಜ್ಜೆ ಇಟ್ಟರೆ ಬಿಗಿಯಾಗಿರುತ್ತದೆ. ತೊಂದರೆ ಎರಡು. ಒಂದು, ಭಾರ: 23/32 ಇಂಚಿನ ಹಲಗೆ 80 ಪೌಂಡಿಗೆ ಹತ್ತಿರ. ಮೆಟ್ಟಿಲು ಹತ್ತಿ, ಕಿರಿದಾದ ಬಾಗಿಲಲ್ಲಿ ತಿರುಗಿಸಿ, ಒಬ್ಬರೇ ಒಳಗೆ ತರುವುದು ಸುಲಭವಲ್ಲ. ಎರಡು, ಎಲ್ಲ ಅಂಗಡಿಯಲ್ಲೂ 19/32 ದಪ್ಪ ಸಿಗುವುದಿಲ್ಲ. ತೇಪೆಗೆ 5/8ರ ಸಮ ಬೇಕಾದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ.

ಬೆಲೆ ಸಾಮಾನ್ಯ ಓಎಸ್‌ಬಿಗಿಂತ ಮೇಲೆ, ಒಳ್ಳೆಯ ಪ್ಲೈವುಡ್‌ನ ಆಸುಪಾಸು. ಪೂರ್ತಿ ಕೋಣೆ ಬದಲಿಸುವವರಿಗೆ, ಇನ್ನೂ ಬಹಳ ವರ್ಷ ಅದೇ ಮನೆಯಲ್ಲಿ ಇರುವವರಿಗೆ, ನನ್ನ ಮೊದಲ ಆಯ್ಕೆ ಇದು.

ಪ್ಲೈವುಡ್

ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಂಟಿಸಿದ್ದು. ನೆನೆದರೆ ಹಲಗೆ ಪೂರ್ತಿ ಒಂದೇ ಸಮ ಊದುತ್ತದೆ, ಒಣಗಿದಾಗ ಹೆಚ್ಚುಕಮ್ಮಿ ಮೊದಲಿನ ಅಳತೆಗೆ ಇಳಿಯುತ್ತದೆ. ಬೇಗ ಒಣಗುತ್ತದೆ. ತೂಕವೂ ಕಡಿಮೆ, 23/32ರ ಹಲಗೆ ಸುಮಾರು 60ರಿಂದ 70 ಪೌಂಡ್. ಸಣ್ಣ ಸೋರಿಕೆ ಆಗಾಗ ಆಗುವ ಜಾಗಕ್ಕೆ ಇಷ್ಟು ಕ್ಷಮಿಸುವ ಹಲಗೆ ಬೇರೆ ಇಲ್ಲ.

ಆದರೆ ಪ್ಲೈವುಡ್ ಅಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಜನ ಎಡವುವುದು ಇಲ್ಲೇ. ಹಲಗೆಯ ಮೇಲೆ ಒಂದು ಮುದ್ರೆ ಇರುತ್ತದೆ, ಹೆಚ್ಚಾಗಿ ಹಲಗೆ ತಯಾರಕರ ಸಂಘವಾದ ಎಪಿಎಯದು. ಅದನ್ನು ಓದಿ. "ಎಕ್ಸ್‌ಪೋಶರ್ 1" ಅಂತ ಇದ್ದರೆ ಅಂಟು ನೀರಿಗೆ ಬಿಡುವುದಿಲ್ಲ, ಕಟ್ಟುವಾಗ ನೆನೆದರೂ ತಡೆಯುತ್ತದೆ, ಆದರೆ ಸದಾ ಹೊರಗಿಡುವಂಥದ್ದಲ್ಲ. ಎಲ್ಲರೂ ಹೇಳುವ ಸಿಡಿಎಕ್ಸ್ ಪ್ಲೈವುಡ್ ಇದೇ. ಕೊನೆಯ ಎಕ್ಸ್ ಅಂದರೆ ಎಕ್ಸ್‌ಟೀರಿಯರ್ ಅಂತ ಬಹಳ ಜನ ತಿಳಿದಿದ್ದಾರೆ, ಅದು ಎಕ್ಸ್‌ಪೋಶರ್.

ಆಮೇಲೆ ಅಂಕಿಗಳು. "48/24" ಅಂತಿದ್ದರೆ ಛಾವಣಿಗೆ 48 ಇಂಚು, ನೆಲಕ್ಕೆ 24 ಇಂಚು ಅಂತರದ ತೊಲೆಗಳವರೆಗೆ ನಡೆಯುತ್ತದೆ. ಎರಡನೇ ಅಂಕಿಯೇ ನಿಮಗೆ ಬೇಕಾದ್ದು. "20 ಓಸಿ", "24 ಓಸಿ" (ಓಸಿ ಅಂದರೆ ತೊಲೆಯ ನಡುಮಧ್ಯದಿಂದ ನಡುಮಧ್ಯಕ್ಕೆ) ಅಂತ ಒಂದೇ ಅಂಕಿ ಇದ್ದರೆ ಅದು ನೆಲಕ್ಕೆಂದೇ ಮಾಡಿದ ಹಲಗೆ, ಮೇಲೆ ಇನ್ನೊಂದು ಪದರ ಬೇಡ. ಅಂಥವು ಸಾಮಾನ್ಯವಾಗಿ ಟಂಗ್ ಅಂಡ್ ಗ್ರೂವ್ ಅಂಚಿನವು, ಒಂದರ ಅಂಚು ಇನ್ನೊಂದರೊಳಗೆ ಕೂರುತ್ತದೆ. ತೊಲೆಯ ಆಧಾರ ಇಲ್ಲದ ಕಡೆ ಇದು ಬಹಳ ಉಪಕಾರಿ. ಈ ಮುದ್ರೆಯ ಅಂಕಿಗಳು ಓಎಸ್‌ಬಿ ಮೇಲೂ ಹೀಗೇ ಇರುತ್ತವೆ.

ಬೆಲೆ ನೋಡಿ ಸಾದಾ ಸಿಡಿಎಕ್ಸ್ ತಂದರೆ ಏನಾಗುತ್ತದೆ? ಬಲಕ್ಕೆ ಕೊರತೆ ಇಲ್ಲ. ಆದರೆ ಮೇಲ್ಮೈಯಲ್ಲಿ ಗಂಟು, ಕುಳಿ, ಸೀಳು ಇರುತ್ತವೆ. ದಪ್ಪ ಕಾರ್ಪೆಟ್ ಹಾಸುವವರಿಗೆ ಅದೇನೂ ಅಡ್ಡಿಯಲ್ಲ. ಹಾಳೆಯಂಥ ವಿನೈಲ್ ಹಾಸುವವರಿಗೆ ಪ್ರತಿ ಕುಳಿಯೂ ಆರು ತಿಂಗಳಲ್ಲಿ ಮೇಲೆ ಕಾಣುತ್ತದೆ. ಕುಳಿ ತುಂಬಿ ಉಜ್ಜಬೇಕು, ಇಲ್ಲವೇ ನೆಲದ ದರ್ಜೆಯ ಹಲಗೆಯನ್ನೇ ತರಬೇಕು. ಅಗ್ಗದ ಪ್ಲೈವುಡ್‌ನಲ್ಲಿ ಒಳಗೆ ಪೊಳ್ಳೂ ಇರಬಹುದು. ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಪದರಗಳ ನಡುವೆ ಬೆಳಕಿನ ಕಿಂಡಿ ಕಂಡರೆ ಆ ಹಲಗೆ ಬಿಡಿ, ಅದರ ಕೆಳಗಿನದನ್ನು ಎತ್ತಿ.

ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಎರಡರದ್ದೂ ತುಂಡು ತನ್ನಿ, ಅಂಚಿನ ದಪ್ಪ ಅಳೆದು ಬರೆದಿಡಿ. ಬಕೆಟ್ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಿ, ಅಳೆಯಿರಿ. ನೆರಳಲ್ಲಿ ಪೂರ್ತಿ ಒಣಗಲು ಬಿಟ್ಟು ಮತ್ತೆ ಅಳೆಯಿರಿ. ಮೂರನೇ ಅಳತೆ ಮೊದಲನೆಯದಕ್ಕೆ ಎಷ್ಟು ಹತ್ತಿರ ಬಂತು ಅನ್ನುವುದೇ ನಿಮಗೆ ಬೇಕಾದ ಉತ್ತರ.

ದುಬಾರಿ ಆಸೆಗಳು

ದೋಣಿಗೆ ಹಾಕುವ ಮರೀನ್ ಪ್ಲೈವುಡ್ ಬಗ್ಗೆ ಕೇಳುವವರು ಜಾಸ್ತಿ. ಒಳಗೆ ಪೊಳ್ಳಿಲ್ಲ, ಮೇಲ್ಮೈ ನಯ, ಅಂಟು ಉತ್ತಮ, ನಿಜ. ಆದರೆ ಮರ ಕೊಳೆಯದಂತೆ ಔಷಧಿ ಹಾಕಿರುವುದಿಲ್ಲ. ಒದ್ದೆಯಾಗೇ ಬಿಟ್ಟರೆ ಅದೂ ಲಡ್ಡಾಗುತ್ತದೆ. ಬೆಲೆಯೋ, ಸಾಮಾನ್ಯ ಪ್ಲೈವುಡ್‌ಗಿಂತ ಎಷ್ಟೋ ಪಟ್ಟು. ಆ ದುಡ್ಡಿನಲ್ಲಿ ಒಳ್ಳೆಯ ಪ್ಲಂಬರ್‌ನ ಕರೆಸಿ.

ಔಷಧಿ ಒತ್ತಿದ ಪ್ಲೈವುಡ್ ಲಡ್ಡು, ಗೆದ್ದಲು ಎರಡನ್ನೂ ತಡೆಯುತ್ತದೆ. ಹೊರಬಾಗಿಲ ಹೊಸ್ತಿಲ ಕೆಳಗೆ, ಪದೇ ಪದೇ ನೆನೆಯುವ ಸಣ್ಣ ಜಾಗಕ್ಕೆ ಇದನ್ನು ಹಾಕುವುದು ತಪ್ಪಲ್ಲ. ಆದರೆ ಅಂಗಡಿಯಿಂದ ಬರುವಾಗ ಅದು ಹಸಿಯಾಗಿಯೇ ಇರುತ್ತದೆ. ಒಣಗುತ್ತಾ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತದೆ, ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಬೇಕು. ವಿನೈಲ್ ಅದರ ಮೇಲೆ ನೇರ ಅಂಟಿಸುವ ಮುಂಚೆ ವಿನೈಲ್ ಕಂಪನಿ ಒಪ್ಪುತ್ತದೆಯೇ ನೋಡಿಕೊಳ್ಳಿ, ಕಲೆ ಮೇಲೆ ಬರುವುದುಂಟು.

ಸಿಮೆಂಟ್ ಬೋರ್ಡ್ ಮತ್ತು ಲುವಾನ್ ಅನ್ನುವ ತೆಳು ಪ್ಲೈವುಡ್ ಈ ಪಟ್ಟಿಗೆ ಸೇರುವುದೇ ಇಲ್ಲ. ಸಿಮೆಂಟ್ ಬೋರ್ಡ್ ನೀರಿಗೆ ಹಾಳಾಗುವುದಿಲ್ಲ, ಆದರೆ ಭಾರ ಹೊರುವುದಿಲ್ಲ. ಅದು ಗಟ್ಟಿ ಪ್ಲೈವುಡ್ ಮೇಲೆ, ಟೈಲ್ಸ್ ಕೆಳಗೆ ಬರುವ ಪದರ. ಕಾಲು ಇಂಚಿನ ಲುವಾನ್ ಮೇಲ್ಮೈ ನಯ ಮಾಡಲು ಅಷ್ಟೇ. ಲಡ್ಡಾದ ಪಾರ್ಟಿಕಲ್ ಬೋರ್ಡ್ ಮೇಲೆ ಲುವಾನ್ ಹೊಡೆದು ಮುಚ್ಚಿದ ಮನೆಗಳನ್ನು ಮಾರುವವರಿದ್ದಾರೆ, ಕೊಳ್ಳುವಾಗ ಹುಷಾರು.

ಹಾಗಾದರೆ ಯಾರಿಗೆ ಯಾವುದು

ಬಚ್ಚಲಿನಲ್ಲಿ ಒಂದು ತೇಪೆ, ಕೈಯಲ್ಲಿ ಕಾಸು ಕಮ್ಮಿ: ನೆಲದ ದರ್ಜೆಯ ಪ್ಲೈವುಡ್, ಹಳೆಯದರ ದಪ್ಪಕ್ಕೆ ಹೊಂದುವಂಥದ್ದು. ಮೊದಲೇ ಹೇಳಿದ ಹಾಗೆ ಒಂದೆರಡು ಹಲಗೆಯಲ್ಲಿ ಉಳಿತಾಯ ಹುಡುಕುವುದರಲ್ಲಿ ಅರ್ಥವಿಲ್ಲ. ಉಳಿಸಬೇಕಾದರೆ ಮೇಲಿನ ವಿನೈಲ್‌ನಲ್ಲಿ ಉಳಿಸಿ, ಅದನ್ನು ಮುಂದೆ ಬದಲಿಸಬಹುದು.

ಇಡೀ ಮನೆ ಬದಲಿಸಬೇಕು, ದುಡ್ಡು ಅಳತೆಯದ್ದು: ಎಲ್ಲ ಕಡೆ ಒಂದೇ ಹಲಗೆ ಬೇಕೆಂಬ ನಿಯಮ ಇಲ್ಲ. ಒಣ ಕೋಣೆಗಳಿಗೆ ಸಾಮಾನ್ಯ ಟಂಗ್ ಅಂಡ್ ಗ್ರೂವ್ ಓಎಸ್‌ಬಿ, ಪೈಪಿರುವ ಕೋಣೆಗಳಿಗೆ ಪ್ಲೈವುಡ್ ಅಥವಾ ಸುಧಾರಿತ ಓಎಸ್‌ಬಿ. ದಪ್ಪ ಎರಡರದ್ದೂ ಒಂದೇ ಇರಲಿ. ಕೈತುಂಬ ದುಡ್ಡಿದ್ದರೂ ನಾನು ಇದಕ್ಕಿಂತ ಹೆಚ್ಚು ಬೇರೆ ಮಾಡುವುದಿಲ್ಲ. ಎಲ್ಲ ಕಡೆ ಸುಧಾರಿತ ಓಎಸ್‌ಬಿ ಹಾಕುತ್ತೇನೆ, ಅಷ್ಟೇ.

ತೊಲೆಗಳು 24 ಇಂಚು ಅಂತರದಲ್ಲಿವೆ: ಇಲ್ಲಿ ಆಯ್ಕೆಗೆ ಜಾಗವೇ ಇಲ್ಲ. "24 ಓಸಿ" ಗುರುತಿನ 23/32 ಹಲಗೆ. 5/8ರ ಹಳೆಯ ನೆಲದ ಪಕ್ಕ ಅದು ಮೇಲೆದ್ದರೆ ಅಂಚಿಗೆ ಲೆವೆಲಿಂಗ್ ಕಾಂಪೌಂಡ್ ಇಳಿಜಾರಾಗಿ ಬಳಿದು ಸರಿಮಾಡಿ. ಸಮ ಬರಲಿ ಅಂತ 19/32 ಹಾಕಿದರೆ ನೆಲ ಜೋಲಾಡುತ್ತದೆ. ವೀಲ್‌ಚೇರ್ ಓಡಾಡುವ ಮನೆಯಲ್ಲಂತೂ ಇದು ಬೇಡವೇ ಬೇಡ.

ಸೆರಾಮಿಕ್ ಟೈಲ್ಸ್ ಆಸೆ ಇರುವವರು ಹಲಗೆಗಿಂತ ಮೊದಲು ತೊಲೆಯನ್ನು ನೋಡಬೇಕು. ನೆಲ ಸ್ವಲ್ಪ ಬಾಗಿದರೂ ಟೈಲ್ಸ್ ನಡುವಿನ ಸಂದು ಒಡೆಯುತ್ತದೆ. ಮನೆ ಕೆಳಗಿನ ಆಧಾರಗಳ ಮೇಲೆ ಕೊಂಚ ಕೂರುತ್ತಾ ಇರುವ ಇಂಥ ಮನೆಗಳಲ್ಲಿ ನಾನು ಟೈಲ್ಸ್‌ಗೆ ಹುರಿದುಂಬಿಸುವುದಿಲ್ಲ. ವಿನೈಲ್ ಪ್ಲಾಂಕ್ ಜಾಣತನ.

ವಾಸನೆ, ಅಲರ್ಜಿ ಕಾಡುವವರಿಗೆ ಪ್ಲೈವುಡ್ಡೂ ಓಎಸ್‌ಬಿಯೂ ಪಾರ್ಟಿಕಲ್ ಬೋರ್ಡ್‌ಗಿಂತ ಎಷ್ಟೋ ವಾಸಿ. ಇವಕ್ಕೆ ಬಳಸುವ ಫಿನಾಲಿಕ್ ಅಥವಾ ಎಂಡಿಐ ಅಂಟುಗಳಿಂದ ಫಾರ್ಮಾಲ್ಡಿಹೈಡ್ ಹೊರಬರುವುದು ಬಹಳ ಕಡಿಮೆ.

ಫ್ಲಾರಿಡಾ, ಲೂಯಿಸಿಯಾನ, ಅಲಬಾಮದಂಥ ಸೆಕೆ ರಾಜ್ಯಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಎಸಿಯಿಂದ ತಣ್ಣಗಾದ ನೆಲಕ್ಕೆ ಕೆಳಗಿನ ಬಿಸಿ ತೇವದ ಗಾಳಿ ತಾಗಿ ವಿನೈಲ್ ಕೆಳಗೆ ಪಸೆ ಕೂರುತ್ತದೆ. ಅಲ್ಲಿ ಹಲಗೆಯ ಆಯ್ಕೆಯಷ್ಟೇ ಮುಖ್ಯ ಮಣ್ಣಿನ ಮೇಲೆ ಹಾಸುವ 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ. ಮನೆಯ ಅಡಿಯ ಖಾಲಿ ಜಾಗವನ್ನು ಸುತ್ತಲೂ ಸ್ಕರ್ಟಿಂಗ್ ಹಾಕಿ ಮುಚ್ಚಿದ್ದರೆ ಹಡ್‌ನ ಅನುಸ್ಥಾಪನಾ ನಿಯಮವೂ ಅದನ್ನು ಕೇಳುತ್ತದೆ.

ಹಾಕುವಾಗ ಅಂಚಿನ ಕಡೆ ಗಮನ ಇರಲಿ

ಯಾವ ಹಲಗೆಯಾದರೂ ಕೆಡುವುದು ಅಂಚಿನಿಂದ. ಅದಕ್ಕೇ ಒಂದು ದರ್ಜೆ ಮೇಲಿನ ಹಲಗೆಗಿಂತ ಒಂದು ಡಬ್ಬಿ ಸೀಲರ್, ಒಂದು ಟ್ಯೂಬ್ ಅಂಟು ಹೆಚ್ಚು ಕೆಲಸ ಮಾಡುತ್ತದೆ ಅನ್ನುತ್ತೇನೆ.

ಹಳೆಯದನ್ನು ಕತ್ತರಿಸುವಾಗ ಗರಗಸದ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಡಿ. ಕೆಳಗೇ ನೀರಿನ ಪೈಪು, ಡಕ್ಟ್ ಇರುತ್ತವೆ. ಗೋಡೆಯ ಬುಡದಲ್ಲಿ ದುಂಡು ಗರಗಸ ಹೋಗುವುದಿಲ್ಲ, ಆಸಿಲೇಟಿಂಗ್ ಮಲ್ಟಿಟೂಲ್ ಬೇಕು. ಹಲಗೆ ಗೋಡೆಯ ಕೆಳಗೂ ಹೋಗಿರುವುದರಿಂದ, ಕತ್ತರಿಸಿ ಉಳಿದ ಅಂಚಿಗೂ ಹೊಸ ಹಲಗೆಯ ಅಂಚಿಗೂ ಕೆಳಗೆ ಮರದ ತುಂಡುಗಳ ಆಧಾರ ಕೊಡಿ. ಗಾಳಿಯಲ್ಲಿ ನಿಂತ ಅಂಚು ಯಾವುದೂ ಇರಬಾರದು.

ತೆರೆದಾಗಲೇ ಒದ್ದೆ ಇನ್ಸುಲೇಶನ್ ತೆಗೆದುಹಾಕಿ, ತೊಲೆಗಳು ಒಣಗಲು ಬಿಡಿ. ತೇವ ಅಳೆಯುವ ಮೀಟರ್ 20 ಶೇಕಡಕ್ಕಿಂತ ಮೇಲೆ ತೋರಿಸುತ್ತಿದ್ದರೆ ಮುಚ್ಚುವ ಅವಸರ ಬೇಡ. ಹೊಸ ಹಲಗೆಯ ಉದ್ದ ತೊಲೆಗಳಿಗೆ ಅಡ್ಡವಾಗಿ ಬರಲಿ. ತೊಲೆಯ ಮೇಲೆ ಸಬ್‌ಫ್ಲೋರ್ ಅಂಟು, ಆಮೇಲೆ ಸ್ಕ್ರೂ: ಅಂಚುಗಳಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಹಲಗೆ ಹಲಗೆಯ ನಡುವೆ ಎಂಟನೇ ಒಂದಿಂಚು ಬಿಡಿ, ಉಬ್ಬಲು ಜಾಗ ಬೇಕು. ಕಮೋಡಿನ ರಂಧ್ರ, ಪೈಪಿನ ರಂಧ್ರ ಕೊರೆದ ಮೇಲೆ ಆ ಹೊಸದಾಗಿ ಕತ್ತರಿಸಿದ ಅಂಚುಗಳಿಗೆ ಸೀಲರ್ ಎರಡು ಸಲ ಬಳಿಯಿರಿ. ಕೆಲಸ ಮುಗಿಸುವ ಆತುರದಲ್ಲಿ ಎಲ್ಲರೂ ಬಿಡುವುದು ಇದನ್ನೇ. ಕೊನೆಗೆ ಬೆಲ್ಲಿ ಬೋರ್ಡ್‌ನ ತೂತು ಮುಚ್ಚುವುದನ್ನೂ ಮರೆಯಬೇಡಿ, ಇಲಿಗಳಿಗೆ ಅದೇ ಹೆಬ್ಬಾಗಿಲು.

ಹಲಗೆ ಎತ್ತಿದಾಗ ಹೊರಗೋಡೆಯ ಉದ್ದಕ್ಕೂ ಕೊನೆಯ ತೊಲೆ ಕೂಡ ಲಡ್ಡಾಗಿದ್ದರೆ, ಅಥವಾ ಗೋಡೆಯೇ ಒಂಚೂರು ಕೆಳಗಿಳಿದಿದ್ದರೆ, ಅಲ್ಲಿಗೆ ನಿಲ್ಲಿಸಿ. ಆ ತೊಲೆಯ ಮೇಲೆ ಗೋಡೆ, ಗೋಡೆಯ ಮೇಲೆ ಛಾವಣಿ ನಿಂತಿದೆ. ಮನೆಯನ್ನು ಜಾಕ್ ಕೊಟ್ಟು ಹಿಡಿದು ಮಾಡುವ ಕೆಲಸ ಅದು. ಮ್ಯಾನುಫ್ಯಾಕ್ಚರ್ಡ್ ಹೋಮ್ ಕೆಲಸ ಗೊತ್ತಿರುವ ಲೈಸೆನ್ಸ್ ಇರುವವರನ್ನು ಕರೆಸಿ, ಹಲಗೆಯ ಆಯ್ಕೆಯನ್ನು ಅವರು ನೋಡಿ ಹೋದ ಮೇಲೆ ಇಟ್ಟುಕೊಳ್ಳಿ.